ಆ ಕೆಲಸದ ಒಂದು ದಿನ

(ಧಾರವಾಡದ ಸಪ್ತಾಪುರದ ವಾಚನಾಲಯವೊಂದರಲ್ಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತಿರುವವರ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ಮೆಟ್ಟಿಲು ಹತ್ತಿ ಬರುವಾಗ ಬಾಗಿಲ ಹೊರಗೆ ಬಿಟ್ಟ ಚಪ್ಪಲಿಗಳ ಸಾಲು ನೋಡಿದೆ. ಒಳಗೆ ಗೋಡೆಗೆ ಕರ್ನಾಟಕದ ನಕ್ಷೆ, ಮೇಜಿನ ಮೂಲೆಗೆ ಅಂಟಿಸಿದ ಹೆಸರಿನ ಚೀಟಿ, ಜಾಗ ಹಿಡಿಯಲು ಇಟ್ಟ ನೀರಿನ ಬಾಟಲಿ. 2011ರಲ್ಲಿ ನಾನೂ ಇದೇ ಸಪ್ತಾಪುರದಲ್ಲಿ ಇಂಥದ್ದೇ ಒಂದು ಮೇಜಿಗೆ ತಿಂಗಳ ಬಾಡಿಗೆ ಕಟ್ಟಿ ಕೂತಿದ್ದೆ. ನಾಲ್ಕು ವರ್ಷ ಕೂತೆ. ಮಧ್ಯಾಹ್ನ ಖಾನಾವಳಿಯಲ್ಲಿ ಎರಡು ರೊಟ್ಟಿ, ಸಂಜೆ ಗಿರ್ಮಿಟ್, ರಾತ್ರಿ ಮತ್ತೆ ಇದೇ ಕುರ್ಚಿ.

ನಾನು ಪಾಸಾದವಳಲ್ಲ. ರಾಣೆಬೆನ್ನೂರು ತಾಲ್ಲೂಕಿನ ನಮ್ಮೂರಲ್ಲಿ ಟೊಮೆಟೊ ಬೀಜ ಬೆಳೆಯುತ್ತೇನೆ. ಪಾಸಾದವರ ಮಾತನ್ನು ನೀವು ಬೇಕಾದಷ್ಟು ಕೇಳಿರುತ್ತೀರಿ. ಬಿಟ್ಟು ಹೋದವರು ತಿರುಗಿ ಬಂದು ಮಾತಾಡುವುದು ಕಡಿಮೆ. ಅವರು ಯಾಕೆ ಬಿಟ್ಟರು, ಹೇಗೆ ಬಿಟ್ಟರು, ಆಮೇಲೆ ಏನಾಯಿತು ಅನ್ನುವುದು ಇಲ್ಲಿ ಕೂತವರಿಗೆ ತಿಳಿಯುವುದೇ ಇಲ್ಲ. ಅದಕ್ಕೇ ಕರೆದ ಕೂಡಲೇ ಒಪ್ಪಿಕೊಂಡೆ.

ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. ನೀವು ಯಾವ ಹುದ್ದೆಗೆ ಓದುತ್ತಿದ್ದೀರೋ, ಆ ಹುದ್ದೆಯಲ್ಲಿರುವವರು ಬುಧವಾರ ಮುಂಜಾನೆ ಹನ್ನೊಂದು ಗಂಟೆಗೆ ಏನು ಮಾಡುತ್ತಿರುತ್ತಾರೆ? ನೋಡಿದ್ದೀರಾ?

ನಾನು ನೋಡಿರಲಿಲ್ಲ. ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ ಆಗಬೇಕು ಅಂತಿದ್ದೆ. 73ನೇ ತಿದ್ದುಪಡಿ, 11ನೇ ಅನುಸೂಚಿ, ಅದರಲ್ಲಿ 29 ವಿಷಯ, ಕರ್ನಾಟಕದ ಪಂಚಾಯತ್ ರಾಜ್ ಕಾಯ್ದೆ 1993ರದು. ನಿದ್ದೆಯಲ್ಲಿ ಕೇಳಿದರೂ ಹೇಳುತ್ತಿದ್ದೆ. ಆದರೆ ನಮ್ಮೂರ ಪಂಚಾಯಿತಿ ಕಚೇರಿಯ ಹೊಸ್ತಿಲು ದಾಟಿರಲಿಲ್ಲ. ಏನಾದರೂ ಕಾಗದ ಬೇಕಾದರೆ ಅಪ್ಪನೇ ಹೋಗಿ ತರುತ್ತಿದ್ದ.

ಮೂರನೇ ವರ್ಷ ಯುಗಾದಿಗೆ ಊರಿಗೆ ಹೋದಾಗ ನನ್ನ ರೂಮಿನ ಗೆಳತಿಯೂ ಜೊತೆಗೆ ಬಂದಿದ್ದಳು. ಅವಳೂ ಪಿಡಿಒಗೇ ಓದುತ್ತಿದ್ದಳು. ಹಬ್ಬ ಮುಗಿದ ಮೇಲೆ ಸುಮ್ನೆ ಕೂರುವುದೇಕೆ ಅಂತ ಇಬ್ಬರೂ ಪಂಚಾಯಿತಿಗೆ ಹೋದೆವು. ಅಲ್ಲಿನ ಪಿಡಿಒ ಮೇಡಮ್‌ಗೆ, "ಒಂದು ದಿನ ಮೂಲೆಯಲ್ಲಿ ಕೂತು ನೋಡ್ತೀವಿ" ಅಂದೆವು. ಅವರು ಒಂದು ಬೆಂಚು ತೋರಿಸಿದರು.

ಆ ದಿನ ನನಗೆ ಇನ್ನೂ ಹಾಗೇ ಕಣ್ಣ ಮುಂದಿದೆ. ಹತ್ತೂವರೆಗೆ ಒಬ್ಬ ಅಜ್ಜ ಮನೆ ಉತಾರ ಕೇಳಿಕೊಂಡು ಬಂದ. ಕಂಪ್ಯೂಟರಿನಲ್ಲಿ ಪುಟ ತೆರೆಯಲಿಲ್ಲ. ಅವನಿಗೆ ಅದು ಅರ್ಥವಾಗಲಿಲ್ಲ, ಮೂರನೇ ಸಲ ಬಂದಿದ್ದ. ಅಷ್ಟರಲ್ಲಿ ಕೆಳಗಿನ ಓಣಿಯ ಹೆಂಗಸರು ಖಾಲಿ ಕೊಡ ಹಿಡಿದೇ ಬಂದರು. ಬೋರಿನ ಮೋಟರ್ ಸುಟ್ಟು ಮೂರು ದಿನವಾಗಿತ್ತು. ಇಬ್ಬರು ಮೆಂಬರುಗಳು ಗಟಾರದ ವಿಷಯಕ್ಕೆ ದನಿ ಏರಿಸಿದರು. ನರೇಗಾ ಕೂಲಿ ಬಂದಿಲ್ಲ ಅಂತ ನಾಲ್ವರು ಬಾಗಿಲಲ್ಲೇ ನಿಂತಿದ್ದರು. ತಾಲ್ಲೂಕು ಪಂಚಾಯಿತಿಯಿಂದ ಫೋನು, ವರದಿ ಸಂಜೆಯೊಳಗೆ ಬೇಕು ಅಂತ. ಮೇಡಮ್ ಮುಂದಿಟ್ಟ ಚಹಾದ ಮೇಲೆ ಕೆನೆ ಕಟ್ಟಿತು. ಅವರು ಎಲ್ಲರಿಗೂ ಉತ್ತರ ಕೊಟ್ಟರು, ಯಾರ ಮೇಲೂ ರೇಗಲಿಲ್ಲ.

ನನಗೆ ಹನ್ನೆರಡಕ್ಕೇ ತಲೆ ಸಿಡಿಯತೊಡಗಿತು. ಗಡಿಯಾರ ನೋಡುತ್ತಾ ಕೂತೆ. ಪಕ್ಕಕ್ಕೆ ತಿರುಗಿದರೆ ಗೆಳತಿ ಇಲ್ಲ. ಅವಳು ವಾಟರ್‌ಮನ್ ಜೊತೆ ಮೋಟರ್ ನೋಡಲು ಹೋಗಿದ್ದಳು! ತಿರುಗಿ ಬಂದು ಆ ಹೆಂಗಸರ ನಡುವೆ ನಿಂತು ಯಾವ ಮನೆಗೆ ನೀರು ಎಲ್ಲಿಂದ ಬರುತ್ತದೆ ಅಂತ ಕೇಳಿ ಬರೆದುಕೊಂಡಳು. ಸಂಜೆ ಮನೆಗೆ ನಡೆಯುವಾಗ ಅವಳು ಕೇಳಿದ್ದು ಒಂದೇ ಮಾತು: "ನಾಳೆನೂ ಬರೂಣೇನ?"

ಅವಳು ಈಗ ಪಿಡಿಒ. ಎರಡು ಸಲ ಸೋತಳು, ಮೂರನೇ ಸಲ ಆಯಿತು. ಸೋತಾಗಲೂ ಅವಳಿಗೆ ಏನು ಬೇಕು ಅನ್ನುವುದರಲ್ಲಿ ಅನುಮಾನ ಇರಲಿಲ್ಲ. ಅವಳು ಆ ದಿನವನ್ನು ನೋಡಿ ಬಂದಿದ್ದಳು. ಅದೇ ಬೆಂಚಿನ ಮೇಲೆ ಕೂತು ಅದೇ ದಿನ ನೋಡಿದ ನನಗೆ ಬೇರೆ ಉತ್ತರ ಸಿಕ್ಕಿತು. ಆ ಹುದ್ದೆಯ ಬಗ್ಗೆ ನನಗೆ ಇವತ್ತಿಗೂ ಗೌರವವಿದೆ, ಜಾಸ್ತಿಯೇ ಆಗಿದೆ. ನನಗೆ ಬೇಕಾಗಿದ್ದದ್ದು ಆ ಹುದ್ದೆಯ ಹೆಸರು ಮಾತ್ರ ಅಂತ ಗೊತ್ತಾಯಿತು. ಮದುವೆ ಮನೆಯಲ್ಲಿ ಯಾರಾದರೂ ಕೇಳಿದರೆ ಹೇಳಿಕೊಳ್ಳಲು ಒಂದು ಹೆಸರು.

ನೋಡಿ, ಗದಗಿನ ಸುನೀಲ ಜೋಶಿ ಅಂದಕೂಡಲೇ ನಮಗೆಲ್ಲ ನೆನಪಾಗುವುದು 1999ರ ನೈರೋಬಿ. ದಕ್ಷಿಣ ಆಫ್ರಿಕಾ ವಿರುದ್ಧ 10 ಓವರ್, 6 ಮೇಡನ್, 6 ರನ್, 5 ವಿಕೆಟ್. ಅದು ಒಂದು ದಿನದ ಮಾತು. ಹುಡುಗನಾಗಿದ್ದಾಗ ಅವರು ನಸುಕಿನಲ್ಲಿ ಗದಗಿನಿಂದ ಹುಬ್ಬಳ್ಳಿಗೆ ಬಂದು, ಅಭ್ಯಾಸ ಮಾಡಿ, ಶಾಲೆಯ ಹೊತ್ತಿಗೆ ಮತ್ತೆ ಗದಗಿಗೆ ಹೋಗುತ್ತಿದ್ದರು. ಗದಗ-ಹುಬ್ಬಳ್ಳಿ ದಾರಿ ಎಷ್ಟು ಉದ್ದ ಅಂತ ಇಲ್ಲಿ ಯಾರಿಗೂ ಹೇಳಬೇಕಿಲ್ಲ. ಆ ನಸುಕಿನ ಪಯಣಗಳು ನೂರಾರು, ನೈರೋಬಿ ಒಂದು. ಆ ಮುಂಜಾನೆಗಳು ಅವರಿಗೆ ಬರೀ ಕಷ್ಟವೇ ಆಗಿದ್ದರೆ ಅಷ್ಟು ವರ್ಷ ನಡೆಯುತ್ತಿತ್ತಾ?

ಇದನ್ನು ಹೇಳಿದಾಗ ಕೆಲವರು ಭೀಮಸೇನ ಜೋಶಿಯವರ ಮಾತು ತೆಗೆಯುತ್ತಾರೆ. ಅವರು 1933ರಲ್ಲಿ, ಹನ್ನೊಂದು ವರ್ಷದವರಿದ್ದಾಗ, ಏನನ್ನೂ ನೋಡದೆ ಮನೆ ಬಿಟ್ಟು ಹೋದರಲ್ಲ, ಮನಸ್ಸು ಹೇಳಿದ್ದನ್ನು ಕೇಳಿದರೆ ಸಾಕಲ್ವಾ ಅಂತ. ನನಗೆ ಹಾಗನ್ನಿಸುವುದಿಲ್ಲ. ಅವರು ಗ್ವಾಲಿಯರ್, ಜಲಂಧರ್ ಅಂತ ಊರೂರು ಅಲೆದರು. ಜಲಂಧರ್‌ನಲ್ಲಿ ಸಿಕ್ಕ ವಿನಾಯಕರಾವ್ ಪಟವರ್ಧನರು, ನಿಮ್ಮ ಕಡೆಯೇ ಸವಾಯಿ ಗಂಧರ್ವರಿದ್ದಾರೆ, ಅವರ ಹತ್ತಿರ ಹೋಗು ಎಂದು ದಾರಿ ತೋರಿಸಿದರು. 1936ರಲ್ಲಿ ಕುಂದಗೋಳದಲ್ಲಿ ಪಾಠ ಶುರುವಾಯಿತು. ಅಲ್ಲಿ ಬೇಕಾದಷ್ಟು ರಾಗ ಕಲಿಸಲಿಲ್ಲ. ತೋಡಿ, ಮುಲ್ತಾನಿ, ಪೂರಿಯಾ, ಇವನ್ನೇ ತಿರುಗಿ ತಿರುಗಿ ಹಾಡಿಸಿದರು. ಮನೆ ಬಿಟ್ಟ ಧೈರ್ಯಕ್ಕಿಂತ, ದಿನಾ ಅದೇ ತೋಡಿಗೆ ಮತ್ತೆ ಕೂತದ್ದು ನನಗೆ ದೊಡ್ಡದು ಅನ್ನಿಸುತ್ತದೆ. ಇಲ್ಲಿಂದ ಕುಂದಗೋಳ ಎಷ್ಟು ದೂರ ಹೇಳಿ!

ಸರಿ, ನಾನು ಪಂಚಾಯಿತಿಯಲ್ಲಿ ಕೂತು ನೋಡಿದ್ದು ಮೂರನೇ ವರ್ಷ. ಬಿಟ್ಟದ್ದು ನಾಲ್ಕನೇ ವರ್ಷದ ಕೊನೆಗೆ. ಗೊತ್ತಾದ ಮೇಲೂ ಒಂದು ವರ್ಷಕ್ಕಿಂತ ಜಾಸ್ತಿ ಯಾಕೆ ಕೂತೆ? ಇಲ್ಲಿರುವ ಕೆಲವರ ಮನಸ್ಸಿನಲ್ಲಿ ಇದೇ ಗಂಟು ಬಿದ್ದಿರಬಹುದು. ನನ್ನ ಉತ್ತರ ಒಂದೇ ಇತ್ತು: ಇಷ್ಟು ವರ್ಷ ಓದಿದ್ದೇನಲ್ಲ.

ಅದನ್ನು ಬಿಡಿಸಿದ್ದು ಅಪ್ಪ. ಅವನು ನನಗೆ ಬುದ್ಧಿ ಹೇಳಲಿಲ್ಲ. ಹೊಲದಲ್ಲಿ ಮೆಣಸಿನಕಾಯಿಗೆ ಎಲೆ ಮುಟುರು ಬಂದಿತ್ತು. ಬ್ಯಾಡಗಿ ತಳಿ, ಚೆನ್ನಾಗಿ ಬಂದಿದ್ದರೆ ವರ್ಷದ ಖರ್ಚು ನೀಗುತ್ತಿತ್ತು. ಅಪ್ಪ ಬದುವಿನ ಮೇಲೆ ಕೂತು ಔಷಧಿ ಅಂಗಡಿಯ ಬಿಲ್ಲಿನ ಹಿಂಬದಿಗೆ ಲೆಕ್ಕ ಹಾಕುತ್ತಿದ್ದ. ನಾನು ಅಂದೆ, "ಅಪ್ಪಾ, ಈಗಾಗ್ಲೇ ಇಷ್ಟು ರೊಕ್ಕ ಹಾಕೇವಿ. ಈಗ ಬಿಟ್ರ ಎಲ್ಲಾ ಹೋಗ್ತೈತಲ್ಲ?"

ಅಪ್ಪ ತಲೆ ಎತ್ತದೆ ಹೇಳಿದ. "ಯವ್ವಾ, ಅದು ಬಿಟ್ರೂ ಹೋಗೇತಿ, ಬಿಡದಿದ್ರೂ ಹೋಗೇತಿ. ಇನ್ನ ಮುಂದ ಹಾಕೂದು ಎಷ್ಟು, ಬರೂದು ಎಷ್ಟು, ಅಷ್ಟ ಹೇಳು."

ಆ ಬಿಲ್ಲಿನ ಹಿಂಬದಿಯಲ್ಲಿ ಬೀಜದ ಖರ್ಚು ಇರಲಿಲ್ಲ. ಹಾಕಿ ಮುಗಿದ ಗೊಬ್ಬರದ ಖರ್ಚೂ ಇರಲಿಲ್ಲ. ಇನ್ನೊಂದು ಸಲ ಔಷಧಿ ಹೊಡೆದರೆ ಆಗುವ ಖರ್ಚು, ಆಳಿನ ಕೂಲಿ, ಉಳಿದ ಗಿಡದಿಂದ ಬರಬಹುದಾದ ಕಾಯಿ, ಇಷ್ಟೇ ಇತ್ತು. ಕೊನೆಗೆ ಹೊಲದ ಮೇಲಿನ ಪಟ್ಟಿ ಬಿಟ್ಟ, ಕೆಳಗಿನ ಪಟ್ಟಿಗೆ ಔಷಧಿ ಹೊಡೆದ. ಅಂದರೆ ಪೂರ್ತಿ ಬಿಡುವುದು ಇಲ್ಲವೇ ಪೂರ್ತಿ ಹಿಡಿಯುವುದು, ಎರಡೇ ದಾರಿ ಅಂತ ಅವನು ಅಂದುಕೊಳ್ಳಲಿಲ್ಲ. ಮರುದಿನ ಧಾರವಾಡಕ್ಕೆ ಬರುವ ಬಸ್ಸಿನಲ್ಲಿ ನಾನೂ ಅದೇ ಲೆಕ್ಕ ಹಾಕಿದೆ. ಕಳೆದ ನಾಲ್ಕು ವರ್ಷವನ್ನು ಕಾಗದದ ಮೇಲೆ ಬರೆಯಲೇ ಇಲ್ಲ. ಮುಂದಿನ ಒಂದು ವರ್ಷ ಕೊಟ್ಟರೆ ಏನು ಬರುತ್ತದೆ, ಬಂದರೆ ಅದು ನನಗೆ ಬೇಕಾ ಅಂತ ಮಾತ್ರ ಬರೆದೆ. ಹುಬ್ಬಳ್ಳಿ ಬರುವುದರೊಳಗೆ ಉತ್ತರ ಗೊತ್ತಾಗಿತ್ತು.

ನಿಮಗೆ ಒಂದು ಮಾತು ಕೈ ಮುಗಿದು ಹೇಳುತ್ತೇನೆ. ಎಲ್ಲಿಗೆ ನಿಲ್ಲಿಸುತ್ತೀರಿ ಅನ್ನುವ ತಾರೀಖನ್ನು ಈಗಲೇ, ತಲೆ ತಣ್ಣಗಿರುವಾಗ ಬರೆದಿಡಿ. ಪರೀಕ್ಷೆಯ ತಾರೀಖು ನಿಮ್ಮ ಕೈಯಲ್ಲಿಲ್ಲ. 545 ಪಿಎಸ್‌ಐ ಹುದ್ದೆಗಳಿಗೆ 2021ರ ಅಕ್ಟೋಬರ್‌ನಲ್ಲಿ ಪರೀಕ್ಷೆ ಆಯಿತು. ಅಕ್ರಮ ಬಯಲಾಗಿ 2022ರಲ್ಲಿ ರದ್ದಾಯಿತು. ಮರುಪರೀಕ್ಷೆ ನಡೆದದ್ದು 2024ರ ಜನವರಿಯಲ್ಲಿ. ಪ್ರಾಮಾಣಿಕವಾಗಿ ಬರೆದವರ ವರ್ಷಗಳೂ ಅದರಲ್ಲಿ ಹೋದವು. ಅವರ ತಪ್ಪೇನಿತ್ತು? ಈ ಊರಿನಲ್ಲಿ ಆ ದಿನಗಳನ್ನು ಕಳೆದವರು ನಿಮ್ಮ ನಡುವೆಯೇ ಇರಬಹುದು. ಹೀಗೆ ಕಾಯುವಾಗ "ಇದೊಂದು ಸಲ" ಅನ್ನುವುದು ಎಷ್ಟು ಸಲ ಆಯಿತು ಅಂತ ಲೆಕ್ಕ ಸಿಗುವುದಿಲ್ಲ. ತಾರೀಖು ಬರೆದು ಮನೆಯಲ್ಲಿ ಒಬ್ಬರಿಗೆ ತೋರಿಸಿ. ಆ ದಿನ ಬಂದಾಗ ಮುಂದುವರಿಸಲೂಬಹುದು. ಆದರೆ ಕೂತು ಯೋಚಿಸಿ ಮುಂದುವರಿಸುವುದೇ ಬೇರೆ, ಸುಮ್ನೆ ಮುಂದುವರಿಯುವುದೇ ಬೇರೆ.

ಹೆಣ್ಣುಮಕ್ಕಳಿಗೆ ಇದು ಇನ್ನೂ ಕಷ್ಟ, ನನಗೆ ಗೊತ್ತು. ಊರಿಗೆ ತಿರುಗಿ ಹೋದರೆ ಮದುವೆ ಮಾಡುತ್ತಾರೆ ಅನ್ನುವ ಭಯಕ್ಕೇ ಓದು ಮುಂದುವರಿಸಿದವರು ನಮ್ಮ ರೂಮಿನಲ್ಲೇ ಇದ್ದರು. ಅವರನ್ನು ನಾನು ಯಾವತ್ತೂ ಹಗುರವಾಗಿ ನೋಡಲಿಲ್ಲ. ಆದರೆ ಅವರಿಗೆ ಬೇಕಾಗಿದ್ದದ್ದು ಸ್ವಂತ ದುಡಿಮೆ, ಆ ಪರೀಕ್ಷೆಯಲ್ಲ. ಅದಕ್ಕೆ ಬೇರೆ ದಾರಿಗಳೂ ಇದ್ದವು. ಯಾರೂ ತೋರಿಸಲಿಲ್ಲ.

ಈಗ ನನ್ನ ಕೆಲಸದ ಮಾತು. ರಾಣೆಬೆನ್ನೂರು ಸೀಮೆಯಲ್ಲಿ ಕಂಪನಿಗಳಿಗೆ ಹೈಬ್ರಿಡ್ ಬೀಜ ಬೆಳೆದುಕೊಡುವವರು ಬಹಳ. ಟೊಮೆಟೊದಲ್ಲಿ ಹೆಣ್ಣು ಸಾಲು, ಗಂಡು ಸಾಲು ಅಂತ ಬೇರೆ ಬೇರೆ ಇರುತ್ತವೆ. ಹೆಣ್ಣು ಗಿಡದ ಮೊಗ್ಗು ನಾಳೆ ಅರಳುತ್ತದೆ ಅನ್ನುವಾಗ, ಮಧ್ಯಾಹ್ನದ ಮೇಲೆ, ಅದನ್ನು ಎರಡು ಬೆರಳಲ್ಲಿ ಹಿಡಿದು ಚಿಮಟದಿಂದ ಬಿಡಿಸಬೇಕು. ಒಳಗೆ ಹಳದಿ ಕೊಳವೆಯಂಥದ್ದು ಇರುತ್ತದೆ, ಅದೇ ಗಂಡು ಭಾಗ. ಅದನ್ನು ಎಳೆದು ತೆಗೆಯಬೇಕು. ನಡುವಿನ ಹಸಿರು ಕಡ್ಡಿಗೆ ಏಟು ಬೀಳಬಾರದು. ಅದು ನೂಲಿನಷ್ಟು ತೆಳ್ಳಗೆ. ಮರುದಿನ ಮುಂಜಾನೆ ಗಂಡು ಹೂವಿನ ಪುಡಿಯನ್ನು ಆ ಕಡ್ಡಿಯ ತುದಿಗೆ ಮುಟ್ಟಿಸಿ, ಗುರುತಿಗೆ ಹೂವಿನ ಬುಡದ ಎರಡು ಹಸಿರು ಎಸಳು ಕತ್ತರಿಸಬೇಕು. ಒಂದು ಮೊಗ್ಗು ಕೈತಪ್ಪಿ ತಾನೇ ಅರಳಿತೋ, ಅದು ಸೆಲ್ಫ್ ಆಗುತ್ತದೆ, ಅಂದರೆ ತನ್ನದೇ ಪುಡಿಯಿಂದ ಕಾಯಿ ಕಟ್ಟುತ್ತದೆ. ಅದರ ಬೀಜ ಬೇರೆ ಬೀಜದ ಜೊತೆ ಕೂಡಿತೆಂದರೆ ಪೂರ್ತಿ ಮಾಲು ಕೆಟ್ಟಂತೆ.

ಮೊದಲ ಸಲ ಈ ಕೆಲಸ ನೋಡಿದಾಗ ನನಗೆ ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಾತಿಲ್ಲ, ಫೋನಿಲ್ಲ. ಒಂದು ಮೊಗ್ಗು, ಆಮೇಲೆ ಇನ್ನೊಂದು ಮೊಗ್ಗು. ಸಂಜೆ ಬೆನ್ನು ನೋಯುತ್ತಿತ್ತು, ಆದರೂ "ನಾಳೆನೂ ಬರ್ತೀನಿ" ಅಂತ ಆ ಹೊಲದ ಅಕ್ಕನಿಗೆ ಹೇಳಿ ಬಂದೆ. ಹೇಳಿದ ಮೇಲೆ ಗೆಳತಿಯ ಮಾತು ನೆನಪಾಯಿತು.

ಇಷ್ಟಪಟ್ಟ ಕೆಲಸ ಅಂತ ಎಲ್ಲ ಸಲೀಸಾಗಿ ನಡೆಯಿತು ಅಂದುಕೊಳ್ಳಬೇಡಿ. ನಾನೇ ಬೆಳೆದ ಮೊದಲ ಬೀಜ ಪರೀಕ್ಷೆಯಲ್ಲಿ ಬಿದ್ದುಹೋಯಿತು. ಕಂಪನಿಯವರು ನಾವು ಕೊಟ್ಟ ಬೀಜದಲ್ಲಿ ಸ್ವಲ್ಪ ತೆಗೆದು ಬಿತ್ತಿ, ಗಿಡ ಬೆಳೆಸಿ, ಅದರಲ್ಲಿ ಸೆಲ್ಫ್ ಗಿಡ ಎಷ್ಟು ಅಂತ ಎಣಿಸುತ್ತಾರೆ. ನನ್ನದರಲ್ಲಿ ಜಾಸ್ತಿ ಬಂದವು. ಮೂರು ತಿಂಗಳ ದುಡಿಮೆಗೆ ರೊಕ್ಕ ಸಿಗಲಿಲ್ಲ. ಅವತ್ತು ರಾತ್ರಿ ಅಟ್ಟದ ಮೇಲಿಟ್ಟಿದ್ದ ಧಾರವಾಡದ ಟ್ರಂಕು ತೆಗೆದೆ. ಅದರಲ್ಲಿ ನನ್ನ ತಪ್ಪುಗಳ ನೋಟುಬುಕ್ ಇತ್ತು. ಮಾಕ್ ಟೆಸ್ಟಿನಲ್ಲಿ ತಪ್ಪಿದ ಪ್ರತಿ ಪ್ರಶ್ನೆಯ ಮುಂದೆ ಯಾಕೆ ತಪ್ಪಿತು ಅಂತ ಬರೆಯುತ್ತಿದ್ದೆ. ಗೊತ್ತಿರಲಿಲ್ಲ, ಗೊತ್ತಿತ್ತು ಮರೆತೆ, ಅವಸರದಲ್ಲಿ ಓದಿದೆ. ಪುಟ ತಿರುಗಿಸಿದರೆ ಅರ್ಧಕ್ಕಿಂತ ಜಾಸ್ತಿ ಕಡೆ ಒಂದೇ ಮಾತು: ಅವಸರ. "ಸರಿಯಲ್ಲದ್ದು ಯಾವುದು" ಅಂತ ಕೇಳಿದ್ದರೆ ನಾನು ಸರಿಯಾದದ್ದಕ್ಕೆ ಗುರುತು ಹಾಕಿದ್ದೆ.

ಪರೀಕ್ಷೆ ಬಿಟ್ಟಿದ್ದೆ, ಅವಸರ ನನ್ನ ಹಿಂದೆಯೇ ಹೊಲಕ್ಕೆ ಬಂದಿತ್ತು. ಸಾಲಿನ ಕೊನೆ ಮುಟ್ಟುವ ಆತುರದಲ್ಲಿ ಎಲೆಯ ಅಡಿಗಿದ್ದ ಮೊಗ್ಗುಗಳನ್ನು ಬಿಡುತ್ತಿದ್ದೆ. ಮರುವರ್ಷದಿಂದ ಒಂದೇ ಒಂದು ಬದಲಾವಣೆ ಮಾಡಿದೆ. ಸಂಜೆ ಸಾಲು ಮುಗಿದ ಮೇಲೆ ಅದೇ ಸಾಲಿನಲ್ಲಿ ಕೊನೆಯಿಂದ ಮೊದಲಿನವರೆಗೆ ತಿರುಗಿ ನಡೆಯುವುದು. ಎಲೆಗಳನ್ನು ಕೈಯಿಂದ ಎತ್ತಿ ಎತ್ತಿ ನೋಡುವುದು. ಮುಂಜಾನೆ ಪುಡಿ ಮುಟ್ಟಿಸುವ ಮೊದಲು ತಾನೇ ಅರಳಿದ ಹೂವು ಕಂಡರೆ ಕಿತ್ತು ಹಾಕುವುದು. ದಿನಕ್ಕೆ ಒಂದು ತಾಸು ಹೆಚ್ಚು ಬೇಕಾಯಿತು. ಆ ವರ್ಷ ಬೀಜ ಪಾಸಾಯಿತು. ಇವತ್ತಿಗೂ ಹಾಗೇ ನಡೆಯುತ್ತೇನೆ, ಕೆಲಸಕ್ಕೆ ಬರುವ ಹುಡುಗಿಯರಿಗೂ ಹಾಗೇ ನಡೆಯಲು ಹೇಳುತ್ತೇನೆ.

ನಿಮ್ಮ ಹತ್ತಿರವೂ ಅಂಥ ನೋಟುಬುಕ್ ಇರಬಹುದು. ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ಉತ್ತರ ಬರೆದುಕೊಳ್ಳುವುದಕ್ಕಿಂತ ಕಾರಣ ಬರೆದುಕೊಳ್ಳಿ. ನೀವು ಯಾವ ಕೆಲಸಕ್ಕೆ ಹೋದರೂ ಅದು ಟ್ರಂಕಿನಲ್ಲಿರಲಿ.

ಇನ್ನೊಂದು ಮಾತು. ಈ ವಾರ ಒಂದು ದಿನ ಓದಿಗೆ ರಜೆ ಹಾಕಿ. ಪೊಲೀಸ್ ಠಾಣೆಯೋ, ತಹಶೀಲ್ದಾರ ಕಚೇರಿಯೋ, ಶಾಲೆಯೋ, ನಿಮಗೆ ಬೇಕಾದ ಕೆಲಸ ನಡೆಯುವ ಕಡೆ ಕೇಳಿಕೊಂಡು ಹೋಗಿ. ಹತ್ತರಿಂದ ಐದರವರೆಗೆ ಕೂತುಬನ್ನಿ. ಒಬ್ಬರು ಬೇಡ ಅಂದರೆ ಇನ್ನೊಬ್ಬರನ್ನು ಕೇಳಿ.

ಬೀಜದ ಕೆಲಸ ನೋಡಬೇಕು ಅನ್ನುವವರು ದೀಪಾವಳಿ ಕಳೆದ ಮೇಲೆ ನಮ್ಮೂರಿಗೆ ಬನ್ನಿ. ಹಿಂದಿನ ರಾತ್ರಿಯೇ ಬಂದು ಉಳಿಯಬೇಕು, ಮುಂಜಾನೆ ಏಳಕ್ಕೆ ಹೊಲದಲ್ಲಿರುತ್ತೇವೆ. ಬುತ್ತಿ ತರಬೇಡಿ, ರೊಟ್ಟಿ ಅವ್ವ ಮಾಡುತ್ತಾಳೆ. ಉಗುರು ಮಾತ್ರ ಸಣ್ಣಗೆ ಕತ್ತರಿಸಿಕೊಂಡು ಬನ್ನಿ, ಮೊಗ್ಗಿಗೆ ತಾಗಬಾರದು.