ಮಿದುಳಿಗೂ ಹಸಿವಾಗುತ್ತದೆ

ಕೇಳುಗರೆಲ್ಲರಿಗೂ ನಮಸ್ಕಾರ. ಮಕ್ಕಳ ಫಿಟ್ಸ್ ಬಗ್ಗೆ ಮಾತಾಡಿ ಎಂದು ನನ್ನನ್ನು ಕರೆದಿದ್ದಾರೆ. ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಿ, ಮೂಗಿಗೆ ಈರುಳ್ಳಿ ಹಿಡಿಯಿರಿ ಅನ್ನುವವರು ಈಗಲೂ ಇದ್ದಾರೆ. ದಯವಿಟ್ಟು ಅದನ್ನೆಲ್ಲ ಬಿಡಿ. ಮಗುವನ್ನು ಮಗ್ಗುಲಿಗೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಆಸ್ಪತ್ರೆಗೆ ಹೊರಡಿ. ಇಷ್ಟು ಹೇಳಿ ನನ್ನ ಮಾತಿಗೆ ಬರುತ್ತೇನೆ. ಮಿದುಳಿಗೂ ಹಸಿವಾಗುತ್ತದೆ. ಉಳಿದದ್ದು ಮರೆತರೂ ಪರವಾಗಿಲ್ಲ, ಇದೊಂದು ನೆನಪಿರಲಿ.

ನಮ್ಮ ಮೈತೂಕದಲ್ಲಿ ಮಿದುಳಿನ ಪಾಲು ನೂರಕ್ಕೆ 2ರಷ್ಟು. ಆದರೆ ನಾವು ಸುಮ್ನೆ ಕೂತಿದ್ದರೂ ಮೈ ಖರ್ಚು ಮಾಡುವ ಶಕ್ತಿಯಲ್ಲಿ ನೂರಕ್ಕೆ 20ರಷ್ಟು ಅದಕ್ಕೇ ಬೇಕು. ಬೆಳೆಯುವ ಮಕ್ಕಳಿಗೆ ಇನ್ನೂ ಜಾಸ್ತಿ. ಅದರ ದಿನದ ಊಟ ಗ್ಲೂಕೋಸ್, ಅಂದರೆ ಸಕ್ಕರೆ.

ಡಾರಿಲ್ ಡಿ ವಿವೋ ಎಂಬ ವೈದ್ಯರ ಕತೆ ನನಗೆ ಬಹಳ ಇಷ್ಟ. ಅಮೆರಿಕದವರು, ಮಕ್ಕಳ ನರರೋಗ ತಜ್ಞರು. 1970ರ ದಶಕದಲ್ಲಿ ಇಲಿಗಳಿಗೆ ಕೊಬ್ಬು ಹೆಚ್ಚಿರುವ ಆಹಾರ ತಿನ್ನಿಸಿ, ಅವುಗಳ ಮಿದುಳಿನಲ್ಲಿ ಏನಾಗುತ್ತದೆ ಅಂತ ಅಳೆಯುತ್ತಿದ್ದರು. ಆಗ ಫಿಟ್ಸ್‌ಗೆ ಹೊಸ ಹೊಸ ಮಾತ್ರೆ ಬರುತ್ತಿದ್ದ ಕಾಲ. ಫಿಟ್ಸ್‌ಗೆ ಕೊಡುತ್ತಿದ್ದ ಕೊಬ್ಬಿನ ಪಥ್ಯವನ್ನು ಕೇಳುವವರೇ ಕಡಿಮೆ. ಇವರು ಬಿಡಲಿಲ್ಲ.

ಮುಂದೆ ನ್ಯೂಯಾರ್ಕ್‌ನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿದ್ದಾಗ ಇಬ್ಬರು ಮಕ್ಕಳು ಇವರ ಕೈಗೆ ಬಂದರು. ಕೂಸಾಗಿದ್ದಾಗಲೇ ಫಿಟ್ಸ್ ಶುರು. ಬೆಳವಣಿಗೆ ಹಿಂದೆ. ರಕ್ತದಲ್ಲಿ ಸಕ್ಕರೆ ಸರಿಯಾಗಿಯೇ ಇದೆ. ಮಿದುಳು, ಬೆನ್ನುಹುರಿಯ ಸುತ್ತ ಇರುವ ನೀರನ್ನು ಬೆನ್ನಿನಿಂದ ತೆಗೆದು ನೋಡಿದರೆ ಅದರಲ್ಲಿ ಸಕ್ಕರೆ ತೀರಾ ಕಡಿಮೆ! ಸಾಮಾನ್ಯವಾಗಿ ಹೀಗಾಗುವುದು ಮಿದುಳಿನ ಪೊರೆಗೆ ಸೋಂಕು ತಗುಲಿದಾಗ. ಇಲ್ಲಿ ಸೋಂಕೂ ಇಲ್ಲ. ಮತ್ತೆ ಸಕ್ಕರೆ ಎಲ್ಲಿ ನಿಂತಿತು?

ಗೋದಾಮಿನ ತುಂಬ ಅಕ್ಕಿ ಇದೆ, ಮೂಟೆ ಹೊರುವ ಹಮಾಲರೇ ಅರ್ಧ ಜನ ಬಂದಿಲ್ಲ ಅಂದ್ಕೊಳ್ಳಿ. ಅಕ್ಕಿ ಇದ್ದೂ ಮನೆಯವರು ಉಪವಾಸ. ರಕ್ತದಿಂದ ಮಿದುಳಿಗೆ ಸಕ್ಕರೆ ಸಾಗಿಸಲು ಒಂದು ಪ್ರೋಟೀನ್ ಇದೆ, ಗ್ಲುಟ್-1 ಅಂತ. ಅದೇ ಕಡಿಮೆಯಿರಬೇಕು ಅನ್ನುವುದು ಡಿ ವಿವೋ ಅವರ ಅನುಮಾನ. ಸಾಬೀತು ಮಾಡಲು ಮಿದುಳನ್ನು ತೆರೆದು ನೋಡೋಕಾಗುತ್ತಾ? ಅವರ ಜಾಣತನ ಇರುವುದೇ ಇಲ್ಲಿ. ಕೆಂಪು ರಕ್ತಕಣದಲ್ಲೂ ಇದೇ ಪ್ರೋಟೀನ್ ಇರುತ್ತದೆ. ಆ ಮಕ್ಕಳ ರಕ್ತ ತೆಗೆದು ನೋಡಿದರು. ಕಣಗಳು ಸಕ್ಕರೆ ಹೀರಿಕೊಳ್ಳುವುದೇ ಕಡಿಮೆಯಾಗಿತ್ತು! 1991ರಲ್ಲಿ ಪ್ರಕಟಿಸಿದರು. 1998ರಲ್ಲಿ ಇದಕ್ಕೆ ಕಾರಣವಾದ ಜೀನ್ ದೋಷವೂ ಸಿಕ್ಕಿತು.

ಇಲಿಗಳ ಕೆಲಸ ಈಗ ಉಪಯೋಗಕ್ಕೆ ಬಂತು. ಕೊಬ್ಬನ್ನು ಜಾಸ್ತಿ ಕೊಟ್ಟು, ಅನ್ನ ಸಕ್ಕರೆ ತೀರಾ ಕಡಿಮೆ ಮಾಡಿದರೆ ಯಕೃತ್ತು ಆ ಕೊಬ್ಬಿನಿಂದ ಕೀಟೋನ್ ತಯಾರಿಸುತ್ತದೆ, ಸಕ್ಕರೆಯ ಬದಲು ಮಿದುಳಿಗೆ ಅದೂ ಊಟವೇ. ಅದನ್ನು ಮಿದುಳಿಗೆ ಒಯ್ಯುವ ಪ್ರೋಟೀನ್ ಬೇರೆ, ಅದು ಈ ಮಕ್ಕಳಲ್ಲಿ ಚೆನ್ನಾಗಿಯೇ ಇತ್ತು. ಆ ಊಟ ಕೊಟ್ಟರು, ಫಿಟ್ಸ್ ಹತೋಟಿಗೆ ಬಂತು. ಮಿದುಳಿಗೆ ಹಸಿವಾಗಿತ್ತು, ಊಟ ಸಿಕ್ಕಿತು.

ಕತೆಯಲ್ಲೇ ಸಮಯ ಹೋಯಿತು, ಉಳಿದದ್ದು ಬೇಗ ಹೇಳುತ್ತೇನೆ. ಬೆನ್ನಿನಿಂದ ನೀರು ತೆಗೆಯಬೇಕು ಅಂದರೆ ನಮ್ಮ ಅಪ್ಪ ಅಮ್ಮಂದಿರು ಮಗುವನ್ನು ಎತ್ತಿಕೊಂಡು ಮನೆಗೆ ಹೊರಟುಬಿಡುತ್ತಾರೆ. ಕಾಲು ಬಿದ್ದುಹೋಗುತ್ತಂತೆ! ಯಾರು ಹೇಳಿದರು ನಿಮಗೆ? ಸೂಜಿ ಹಾಕುವುದು ಬೆನ್ನುಹುರಿ ಮುಗಿದ ಮೇಲೆ, ಅದರ ಕೆಳಗೆ. ಆ ನಾಲ್ಕು ಹನಿ ನೀರು ನೋಡದಿದ್ದರೆ ಮಿದುಳು ಹಸಿದಿದೆ ಅಂತ ಗೊತ್ತಾಗುವುದು ಹೇಗೆ?

ಇನ್ನು, ಈ ಕೊಬ್ಬಿನ ಪಥ್ಯ ಜಿಮ್‌ನವರು ಹೇಳುವ ಕೀಟೋ ಅಲ್ಲ. ತೂಕ ಇಳಿಸುವ ಮಾತೇ ಇಲ್ಲ. ಪ್ರೋಟೀನ್, ಪಿಷ್ಟ, ಸಕ್ಕರೆ ಎಲ್ಲ ಸೇರಿ 1 ಗ್ರಾಂ ಆದರೆ ಕೊಬ್ಬು 4 ಗ್ರಾಂವರೆಗೂ ಹೋಗುತ್ತದೆ. ಬೆಣ್ಣೆ, ತುಪ್ಪ, ಕೊಬ್ಬರಿ ಎಣ್ಣೆ ಎಲ್ಲವನ್ನೂ ತಕ್ಕಡಿಯಲ್ಲಿ ತೂಗಿಯೇ ಬಡಿಸಬೇಕು. ಮಕ್ಕಳ ನರರೋಗ ವೈದ್ಯರು ಮತ್ತು ಆಹಾರ ತಜ್ಞರು ಇಲ್ಲದೆ ಮನೆಯಲ್ಲಿ ಶುರು ಮಾಡಬೇಡಿ. ನಡೆಯುತ್ತಿರುವ ಮಾತ್ರೆಯನ್ನೂ ನಿಲ್ಲಿಸಬೇಡಿ. ಪಥ್ಯದಲ್ಲಿರುವ ಮಗುವಿಗೆ ಕೆಮ್ಮು ಬಂದರೆ ಸಿರಪ್ ಕೊಡುವ ಮುನ್ನ ಅದರಲ್ಲಿ ಸಕ್ಕರೆ ಇದೆಯೇ ಎಂದು ವೈದ್ಯರನ್ನು ಕೇಳಿ. ಅಜ್ಜಿ ಪ್ರೀತಿಯಿಂದ ಕೊಡುವ ಬೆಲ್ಲದ ಚೂರಿಗೂ ಇದೇ ನಿಯಮ. ನಮಸ್ಕಾರ.