ಹಡಗು ಒಡೆದ ಮೇಲೆ ಉಳಿದ ಸಾಸರ್

ಕೇಳುಗರೆಲ್ಲರಿಗೂ ನಮಸ್ಕಾರ.

ನನ್ನ ಮುಂದೆ ಈಗ ಒಂದು ಸಾಸರ್ ಇದೆ. ಮನೆಯಿಂದ ಬಟ್ಟೆಯಲ್ಲಿ ಸುತ್ತಿ ಸ್ಟುಡಿಯೋಗೆ ತಂದಿದ್ದೇನೆ. ನಿಮಗೆ ತೋರಿಸೋಕೆ ಆಗೋದಿಲ್ಲ. ಉಗುರಿನಿಂದ ಒಮ್ಮೆ ತಟ್ಟುತ್ತೇನೆ, ಕೇಳಿ.

ಟಣ್ ಅಂತು, ಅಲ್ವಾ? ದಪ್ಪ ಪಿಂಗಾಣಿ. ಅಲ್ಲಾಡುವ ಮೇಜಿನ ಮೇಲೆ ಬಾಳಬೇಕಾಗಿದ್ದ ಸಾಸರ್ ಇದು. ಅಂಚಿನಲ್ಲಿ ಒಂದು ಕಡೆ ಸಣ್ಣ ಚೂರು ಹಾರಿದೆ. ಮೇಲೆ ಒಂದು ಹಡಗು ಕಂಪನಿಯ ಗುರುತು ಇದೆ. ಡೆಟ್ರಾಯಿಟ್ ಅಂಡ್ ಕ್ಲೀವ್‌ಲ್ಯಾಂಡ್ ನ್ಯಾವಿಗೇಶನ್ ಕಂಪನಿ. ಜನ ಚಿಕ್ಕದಾಗಿ ಡಿ ಅಂಡ್ ಸಿ ಅಂತಿದ್ದರು.

ನಮ್ಮ ಯಜಮಾನರ ಕೆಲಸದ ದೆಸೆಯಿಂದ ನಾವು ಹಲವು ವರ್ಷ ಅಮೆರಿಕದ ಮಿಶಿಗನ್‌ನಲ್ಲಿ ಇದ್ದೆವು, ಡೆಟ್ರಾಯಿಟ್ ಪಕ್ಕ. ಹೋದ ಹೊಸದರಲ್ಲಿ ನನಗೆ ಅಲ್ಲಿನ ಸರೋವರ ಅಂದರೆ ನಮ್ಮ ಊರ ದೊಡ್ಡ ಕೆರೆ ಇದ್ದ ಹಾಗೆ ಅನ್ನೋ ಕಲ್ಪನೆ. ದಂಡೆಗೆ ಹೋಗಿ ನಿಂತರೆ ಆಚೆ ದಡವೇ ಕಾಣಲಿಲ್ಲ! ಅಂಥ ಸರೋವರ ಐದು. ಸುಪೀರಿಯರ್, ಮಿಶಿಗನ್, ಹ್ಯೂರಾನ್, ಈರಿ, ಒಂಟಾರಿಯೊ. ಐದೂ ಸೇರಿದರೆ ಸುಮಾರು 2,44,000 ಚದರ ಕಿಲೋಮೀಟರ್. ಇಡೀ ಕರ್ನಾಟಕಕ್ಕಿಂತ ದೊಡ್ಡದು. ಅಲ್ಲಿ ಅಲೆ ಏಳುತ್ತೆ, ಬಿರುಗಾಳಿ ಬರುತ್ತೆ, ಹಡಗು ಮುಳುಗುತ್ತೆ. ಒಂದು ಮಜಾ ಏನು ಗೊತ್ತಾ? ಸಾವಿರ ಅಡಿ ಉದ್ದದ ಹಡಗನ್ನೂ ಅಲ್ಲಿನವರು ದೋಣಿ ಅಂತಲೇ ಕರೆಯುತ್ತಾರೆ. ಹಡಗು ಅನ್ನೋ ಮಾತು ಸಮುದ್ರದಿಂದ ಬಂದವಕ್ಕೆ.

ಈ ನೀರಿನ ಮೇಲೆ ಒಂದು ಕಾಲದಲ್ಲಿ ರಾತ್ರಿ ಹಡಗುಗಳು ಓಡುತ್ತಿದ್ದವು. ಸಂಜೆ ಡೆಟ್ರಾಯಿಟ್‌ನಲ್ಲಿ ಹತ್ತಿ ಊಟ ಮಾಡಿ ಮಲಗಿದರೆ ಬೆಳಿಗ್ಗೆ ಕ್ಲೀವ್‌ಲ್ಯಾಂಡ್. ನಮ್ಮಲ್ಲಿ ರಾತ್ರಿ ಬಸ್ಸು ಹಿಡಿದ ಹಾಗೆ. ಆದರೆ ಇಲ್ಲಿ ಬೆಳ್ಳಿ ಚಮಚ, ಬ್ಯಾಂಡು, ಕೆತ್ತನೆಯ ಕಂಬ. ಎರಡು ಪಕ್ಕದಲ್ಲೂ ದೊಡ್ಡ ಚಕ್ರ ತಿರುಗಿ ನೀರನ್ನು ಹಿಂದಕ್ಕೆ ನೂಕುವ ಹಡಗುಗಳು ಅವು. ಅಂಥ ಎರಡು ಹಡಗನ್ನು ಎರಡನೇ ಮಹಾಯುದ್ಧದಲ್ಲಿ ಮೇಲ್ಭಾಗ ಕಿತ್ತುಹಾಕಿ ವಿಮಾನ ಇಳಿಸೋಕೆ ಚಪ್ಪಟೆ ಮಾಡಿದರು. ಮಿಶಿಗನ್ ಸರೋವರದಲ್ಲಿ ನೌಕಾಪಡೆಯ ಹುಡುಗರು ಅದರ ಮೇಲೆ ವಿಮಾನ ಇಳಿಸೋದನ್ನು ಕಲಿತರು. ಮುಂದೆ ಅಧ್ಯಕ್ಷರಾದ ದೊಡ್ಡ ಬುಷ್ ಕೂಡ ಅಲ್ಲೇ ಕಲಿತವರು.

ಕಾರು ಬಂತು, ರಸ್ತೆ ಬಂತು. ರಾತ್ರಿ ಹಡಗಿಗೆ ಜನ ಕಡಿಮೆಯಾದರು. 1951ರ ಹೊತ್ತಿಗೆ ಡಿ ಅಂಡ್ ಸಿ ಬಾಗಿಲು ಮುಚ್ಚಿತು. 1956ರಲ್ಲಿ ಅವರ ಹಡಗುಗಳನ್ನು ಒಡೆಯೋಕೆ ಶುರು ಮಾಡಿದರು. ಗ್ರೇಟರ್ ಡೆಟ್ರಾಯಿಟ್ ಮತ್ತು ಈಸ್ಟರ್ನ್ ಸ್ಟೇಟ್ಸ್ ಅನ್ನೋ ಎರಡು ಹಡಗನ್ನು ಡೆಟ್ರಾಯಿಟ್ ಪಕ್ಕದ ಸೇಂಟ್ ಕ್ಲೇರ್ ಅನ್ನೋ ಸಣ್ಣ ಸರೋವರಕ್ಕೆ ಎಳೆದುಕೊಂಡು ಹೋಗಿ ಬೆಂಕಿ ಹಚ್ಚಿದರು. ಗುಜರಿಯವನಿಗೆ ಬೇಕಾದದ್ದು ಉಕ್ಕು. ಮರ ಕಿತ್ತು ತೆಗೆಯೋ ಕೂಲಿಗಿಂತ ಸುಡೋದು ಅಗ್ಗ. ಲೆಕ್ಕ ಅಷ್ಟೇ.

ಸಂಗ್ರಹದ ಹುಚ್ಚು ಶುರುವಾಗೋದೇ ಇಲ್ಲಿ. ಸುಡೋ ಮುಂಚೆ, ಒಡೆಯೋ ಮುಂಚೆ, ಯಾರೋ ಒಬ್ಬ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಬರುತ್ತಾನೆ. ಸಿಟಿ ಆಫ್ ಡೆಟ್ರಾಯಿಟ್ ಥ್ರೀ ಅಂತ 1911ರಲ್ಲಿ ನೀರಿಗಿಳಿದ ಹಡಗು. ಅದರಲ್ಲಿ ಗಂಡಸರು ಸಿಗಾರ್ ಸೇದೋಕೆ ಅಂತ ಒಂದು ಕೋಣೆ ಇತ್ತು, ಗಾಥಿಕ್ ರೂಮ್. ಓಕ್ ಮರದ ಕಮಾನು, ಕೆತ್ತನೆ, ಬಣ್ಣದ ಗಾಜಿನ ಕಿಟಕಿ. ಆ ಮರವನ್ನು ಒಬ್ಬ ಹವ್ಯಾಸಿ ಕೊಂಡು ಕಾಪಾಡಿದ. ಇವತ್ತು ಆ ಕೋಣೆಯ ಭಾಗ ಡೆಟ್ರಾಯಿಟ್‌ನ ಬೆಲ್ ಐಲ್ ದ್ವೀಪದಲ್ಲಿರೋ ಡಾಸಿನ್ ಮ್ಯೂಸಿಯಂನಲ್ಲಿದೆ. ನಾನು ಅಲ್ಲಿಗೆ ಹೋದಾಗಲೆಲ್ಲ ಕಂಬ ಮುಟ್ಟಿ ನೋಡುತ್ತಿದ್ದೆ. ಮುಟ್ಟಬಾರದು, ಗೊತ್ತು.

ಎಲ್ಲರಿಗೂ ಕೋಣೆ ಸಿಗೋದಿಲ್ಲ. ಸಾಸರ್ ಸಿಗುತ್ತೆ. ಊಟದ ಮೆನು, ಬೆಳ್ಳಿ ಚಮಚ, ಕೋಣೆಯ ಬೀಗದ ಕೈ, ಟಿಕೆಟ್ಟು, ವೇಳಾಪಟ್ಟಿ, ನಾವಿಕನ ಟೋಪಿ. ಜಾಸ್ತಿ ದುಡ್ಡು ಇರುವವರು ಗಂಟೆ, ಉಗಿ ಸೀಟಿ, ಚುಕ್ಕಾಣಿ ಚಕ್ರ, ಹಡಗು ಕಟ್ಟಿದವರ ಹೆಸರಿನ ಹಿತ್ತಾಳೆ ಫಲಕ ಇಂಥವಕ್ಕೆ ಕೈ ಹಾಕುತ್ತಾರೆ. ಪೋಸ್ಟ್‌ಕಾರ್ಡ್ ಕೂಡಿಡುವವರದೇ ಒಂದು ಗುಂಪು. ಅವರ ಬಾಯಲ್ಲಿ ಯಾವಾಗಲೂ ಲೂಯಿಸ್ ಪೆಶಾ ಅನ್ನೋ ಹೆಸರು. ಮಿಶಿಗನ್‌ನ ಮರೀನ್ ಸಿಟಿಯ ಛಾಯಾಗ್ರಾಹಕ. ನದಿ ದಂಡೆಯಲ್ಲಿ ಕ್ಯಾಮೆರಾ ಹಿಡಿದು ಹೋಗುವ ಬರುವ ಹಡಗನ್ನೆಲ್ಲ ತೆಗೆದ. 1912ರಲ್ಲಿ ಕಾರು ಮಗುಚಿ ಸತ್ತುಹೋದ. ಅದೂ ಉಗಿ ಕಾರು!

ಈ ಸಾಮಾನಿನ ಹರಾಜು ನಡೆಯೋ ರೀತಿ ನಮ್ಮ ಜಾತ್ರೆ ಹರಾಜಿನ ಹಾಗೇ. ಒಂದು ಸಲ, ಎರಡು ಸಲ, ಮೂರನೇ ಸಲಕ್ಕೆ ಸುತ್ತಿಗೆ. ವ್ಯತ್ಯಾಸ ಎರಡು. ಒಂದು, ಕೂಗಿದ ಬೆಲೆಯ ಮೇಲೆ ಹರಾಜು ಮನೆಯವರು ಶೇಕಡಾ ಇಷ್ಟು ಅಂತ ತಮ್ಮ ಪಾಲು ಸೇರಿಸುತ್ತಾರೆ. ಮೊದಲನೇ ಸಲ ಬಿಲ್ ನೋಡಿ ನಾನು ಬೆಚ್ಚಿಬಿದ್ದಿದ್ದೆ. ಇನ್ನೊಂದು, ಒಂದೊಂದು ವಸ್ತುವಿನ ಕೆಳಗೂ ಅದು ಎಲ್ಲಿಂದ ಬಂತು, ಯಾರ ಕೈ ದಾಟಿ ಬಂತು ಅಂತ ಬರೆದಿರುತ್ತಾರೆ. ಆ ಎರಡು ಸಾಲಿಗೇ ಬೆಲೆ. ಒಂದೇ ಅಚ್ಚಿನ ಎರಡು ತಟ್ಟೆ ಇರಲಿ. ಒಂದರ ಜೊತೆ ಹಳೇ ಅಡುಗೆಯವನ ಪತ್ರ ಇದ್ದರೆ ಅದು ಬೇರೆ ರೇಟು.

ನಮ್ಮ ಯಜಮಾನರು ಮೊದಲು ನನ್ನನ್ನು ನೋಡಿ ನಗುತ್ತಿದ್ದರು. "ಚೂರು ಹಾರಿದ ತಟ್ಟೆಗೆ ದುಡ್ಡು ಕೊಡೋರು ನೀನೊಬ್ಬಳೇ" ಅಂತ. ಆಮೇಲೆ ಒಂದು ದಿನ ಅವರಿಗೇ ಹುಚ್ಚು ಹತ್ತಿತು. ಒಂದು ಹರಾಜಿನಲ್ಲಿ ಹಿತ್ತಾಳೆಯ ಹಡಗು ದೀಪ ಕೊಂಡರು. 1910ರ ದೀಪ ಅಂತ ಚೀಟಿ. ಮನೆಗೆ ತಂದು ಹುಣಸೆಹಣ್ಣು ಹಾಕಿ ತಿಕ್ಕಿದ್ದೇ ತಿಕ್ಕಿದ್ದು.

ಸರೋವರದ ಹಡಗಿನಲ್ಲಿ ಚುಕ್ಕಾಣಿ ಹಿಡಿದು ನಿವೃತ್ತರಾದ ಒಬ್ಬ ಹಿರಿಯರು ನಮಗೆ ಪರಿಚಯ ಇದ್ದರು. ನನ್ನ ಗುರುಗಳು ಅಂತಲೇ ಹೇಳಬೇಕು. ಅವರು ಬಂದರು, ದೀಪ ತಿರುಗಿಸಿ ನೋಡಿದರು, ಏನೂ ಮಾತಾಡಲಿಲ್ಲ. ಹಿಡಿಯ ಹತ್ತಿರ ಬೆರಳಿಟ್ಟು ತೋರಿಸಿದರು. ಸ್ಕ್ರೂ. ತಲೆಯ ಮೇಲೆ ಪ್ಲಸ್ ಗುರುತು. ಪ್ಲಸ್ ಸ್ಕ್ರೂ ಬಂದದ್ದೇ 1930ರ ದಶಕದಲ್ಲಿ. ಒಳಗೆ ಬತ್ತಿಯ ಜಾಗದಲ್ಲಿ ಒಂದು ಚಿಟಿಕೆ ಮಸಿಯೂ ಇರಲಿಲ್ಲ. ಆಮೇಲೆ ಅವರು ಸ್ವಲ್ಪ ಸಂಕೋಚದಿಂದ ಹೇಳಿದರು, ಇಂಥವು ಹೆಚ್ಚಾಗಿ ನಿಮ್ಮ ದೇಶದಿಂದಲೇ ಬರುತ್ತವೆ ಅಂತ.

ಅದು ನಿಜ. ಉತ್ತರ ಪ್ರದೇಶದ ಮೊರಾದಾಬಾದ್, ಉತ್ತರಾಖಂಡದ ರೂರ್ಕಿ, ಈ ಊರುಗಳಲ್ಲಿ ಹಿತ್ತಾಳೆಯ ದಿಕ್ಸೂಚಿ, ದೂರದರ್ಶಕ, ಹಡಗು ದೀಪ, ಗಂಟೆ ಎಲ್ಲ ಮಾಡುತ್ತಾರೆ. ಮಾಡುವವರು ಮೋಸ ಮಾಡುತ್ತಿಲ್ಲ. ಅಲಂಕಾರದ ಸಾಮಾನು ಅಂತಲೇ ಮಾರುತ್ತಾರೆ. ಸಮುದ್ರ ದಾಟಿದ ಮೇಲೆ ಯಾರೋ ಅದಕ್ಕೊಂದು ಹಳೇ ಹಡಗಿನ ಹೆಸರು ಕೊರೆಯುತ್ತಾರೆ. ನಾವು ಡಾಲರ್ ಕೊಟ್ಟು ಊರ ಹಿತ್ತಾಳೆಯನ್ನೇ ವಾಪಸ್ ತಂದಿದ್ದೆವು. ಆ ದೀಪ ಈಗ ನಮ್ಮ ಮನೆ ಜಗಲಿಯಲ್ಲಿದೆ. ಕರೆಂಟು ಹೋದಾಗ ಹಚ್ಚುತ್ತೇವೆ. ಈಗ ಒಳಗೆ ಮಸಿ ಕೂತಿದೆ!

ಆ ಹಿರಿಯರ ಮನೆಯಲ್ಲಿ ಕೆಳಗಿನ ನೆಲಮಾಳಿಗೆ ತುಂಬ ಹಡಗಿನ ಸಾಮಾನು. ಆದರೆ ಅವರದೊಂದು ನಿಯಮ ಇತ್ತು. ಮುಳುಗಿದ ಹಡಗಿನದು ಒಂದು ಮೊಳೆಯೂ ಬೇಡ. ಗುಜರಿಗೆ ಒಡೆದ ಹಡಗಿನದು ಮಾತ್ರ.

ಯಾಕೆ ಅಂತ ಕೇಳಿದ್ದೆ. ಸರೋವರದ ನೀರು ಸಿಹಿ ನೀರು, ತಣ್ಣಗಿನ ನೀರು. ಸಮುದ್ರದಲ್ಲಿ ಮರ ಕೊರೆಯುವ ಹುಳು ಇಲ್ಲಿ ಇಲ್ಲ. ಹಾಗಾಗಿ ನೂರೈವತ್ತು ವರ್ಷದ ಹಿಂದೆ ಮುಳುಗಿದ ಹಡಗೂ ಕಂಬ ಸಮೇತ ನಿಂತಿರುತ್ತೆ. 1960, 70ರ ದಶಕದಲ್ಲಿ ಮುಳುಗುಗಾರರು ಇಳಿದು ಗಂಟೆ, ಕಪ್ಪಿ, ತಟ್ಟೆ ಅಂತ ಕೈತುಂಬ ತಂದರು. ಆಮೇಲೆ ಕಾನೂನು ಬಂತು. ಮೊದಲು ಮಿಶಿಗನ್ ರಾಜ್ಯ 1980ರಲ್ಲಿ ಮಾಡಿತು, ನಂತರ ಇಡೀ ದೇಶಕ್ಕೆ 1987ರ ಕಾಯ್ದೆ. ವಾರಸುದಾರರು ಬಿಟ್ಟುಹೋದ ಹಡಗು ಸರೋವರದ ತಳದಲ್ಲಿ ಹೂತಿದ್ದರೆ ಅದು ಆ ರಾಜ್ಯದ ಸ್ವತ್ತು. ಎತ್ತಿದರೆ ಕಳ್ಳತನ.

"ಬಿಟ್ಟುಹೋದ" ಅನ್ನೋ ಮಾತಿನ ಮೇಲೆ ದೊಡ್ಡ ವ್ಯಾಜ್ಯವೇ ನಡೆದಿದೆ. ಲೇಡಿ ಎಲ್ಗಿನ್ ಅನ್ನೋ ಹಡಗು 1860ರ ಸೆಪ್ಟೆಂಬರ್‌ನಲ್ಲಿ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿ ಸುಮಾರು 300 ಜನ ಸತ್ತರು. 1989ರಲ್ಲಿ ಒಬ್ಬ ಮುಳುಗುಗಾರ ಅದನ್ನು ಹುಡುಕಿದ. ಇಲಿನಾಯ್ ರಾಜ್ಯ ಸರ್ಕಾರ ನಮ್ಮದು ಅಂತು. ಆದರೆ ಆ ಕಾಲದಲ್ಲಿ ವಿಮೆ ಹಣ ಕೊಟ್ಟ ಕಂಪನಿ ಇತ್ತಲ್ಲ, ಅದರ ಹಕ್ಕು ಎಲ್ಲಿ ಹೋಯಿತು? ಆ ಹಕ್ಕನ್ನು ಹುಡುಕಿದವನ ಕಡೆಯವರು ಪಡೆದಿದ್ದರು. ಹತ್ತು ವರ್ಷ ಕೋರ್ಟು ಅಲೆದು ಕೊನೆಗೆ ಹುಡುಕಿದವನ ಕೈ ಮೇಲಾಯಿತು.

ಕಾನೂನು ಹಾಗಿರಲಿ. ಆ ಹಿರಿಯರ ನಿಯಮಕ್ಕೆ ಕಾರಣ ಬೇರೆ ಇತ್ತು. 1975ರ ನವೆಂಬರ್ 10ರ ರಾತ್ರಿ ಸುಪೀರಿಯರ್ ಸರೋವರದಲ್ಲಿ ಎಡ್ಮಂಡ್ ಫಿಟ್ಜೆರಾಲ್ಡ್ ಅನ್ನೋ 729 ಅಡಿ ಉದ್ದದ ಹಡಗು ಕಬ್ಬಿಣದ ಅದಿರಿನ ಉಂಡೆ ಹೊತ್ತುಕೊಂಡು ಮುಳುಗಿತು. 29 ಜನ. ಒಂದು ಹೆಣವೂ ಸಿಗಲಿಲ್ಲ. ಆ ವಾರ ಅವರೂ ಬೇರೊಂದು ಹಡಗಿನಲ್ಲಿ ಅದೇ ಗಾಳಿಗೆ ಸಿಕ್ಕಿದ್ದರಂತೆ. ಅದಕ್ಕಿಂತ ಜಾಸ್ತಿ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ.

ಆ ಹಡಗಿನ ಗಂಟೆಯನ್ನು 1995ರ ಜುಲೈ 4ರಂದು ಮೇಲೆ ತಂದರು. ಸತ್ತವರ ಮನೆಯವರು ಕೇಳಿಕೊಂಡದ್ದಕ್ಕೆ. 530 ಅಡಿ ಆಳ. ಹಾಗೇ ಕಿತ್ತು ತರಲಿಲ್ಲ, ಅದೇ ಅಳತೆಯ ಹೊಸ ಗಂಟೆಗೆ 29 ಹೆಸರು ಕೆತ್ತಿಸಿ ಅದೇ ಜಾಗದಲ್ಲಿ ಕೂರಿಸಿ ಬಂದರು. ಹಳೇ ಗಂಟೆ ಸುಪೀರಿಯರ್ ದಂಡೆಯ ವೈಟ್‌ಫಿಶ್ ಪಾಯಿಂಟ್‌ನ ಮ್ಯೂಸಿಯಂನಲ್ಲಿದೆ. ಅದು ಯಾವತ್ತೂ ಹರಾಜಿಗೆ ಬರುವ ವಸ್ತು ಅಲ್ಲ. ಅದೇ ಹಡಗಿನ ಒಂದು ಲಂಗರು ಮುಳುಗುವ ಮುಂಚೆಯೇ, 1974ರಲ್ಲಿ, ಡೆಟ್ರಾಯಿಟ್ ನದಿಯಲ್ಲಿ ಕಳಚಿ ಬಿದ್ದಿತ್ತು. 1992ರಲ್ಲಿ ಎತ್ತಿ ಡಾಸಿನ್ ಮ್ಯೂಸಿಯಂ ಅಂಗಳದಲ್ಲಿ ಇಟ್ಟಿದ್ದಾರೆ. ಮಕ್ಕಳು ಅದರ ಮೇಲೆ ಹತ್ತಿ ಕೂರುತ್ತಾರೆ. ಗಂಟೆಯ ಮುಂದೆ ಯಾರೂ ಗಟ್ಟಿಯಾಗಿ ಮಾತಾಡೋದೂ ಇಲ್ಲ.

2007ರಲ್ಲಿ ಸುಪೀರಿಯರ್ ದಂಡೆಯಲ್ಲಿ ಒಂದು ಲೈಫ್ ರಿಂಗ್ ಸಿಕ್ಕಿತು. ನೀರಿಗೆ ಬಿದ್ದವರಿಗೆ ಎಸೆಯುವ ಬಳೆ ಅದು. ಮೇಲೆ ಎಡ್ಮಂಡ್ ಫಿಟ್ಜೆರಾಲ್ಡ್ ಅಂತ ಹೆಸರು. ಊರೆಲ್ಲ ಸುದ್ದಿ. ಆಮೇಲೆ ಗೊತ್ತಾಯಿತು, ಯಾರೋ ಒಬ್ಬ ತಂದೆ ಸತ್ತವರ ನೆನಪಿಗೆ ಅಂತ ತಾನೇ ಮಾಡಿಟ್ಟುಕೊಂಡಿದ್ದ ಬಳೆ ಅದು. ಮಗನ ಕೈಯಿಂದ ಕಳೆದುಹೋಗಿತ್ತು. ನಕಲಿ ಅನ್ನೋಣವೇ? ನನಗೆ ಬಾಯಿ ಬರೋದಿಲ್ಲ.

ಇನ್ನೊಂದು ಮಾತು. ಹಳೇ ಹಡಗಿನ ಸಾಮಾನು ಅಂದರೆ ಎಲ್ಲ ಸಿಹಿ ನೆನಪು ಅಂತ ತಿಳಿಯಬೇಡಿ. ಡೆಟ್ರಾಯಿಟ್‌ನಿಂದ ಬಾಬ್-ಲೋ ದ್ವೀಪಕ್ಕೆ ಮೋಜಿನ ಹಡಗು ಹೋಗುತ್ತಿತ್ತು. ಅದರ ಟಿಕೆಟ್ಟು ಕಂಡರೆ ಆ ಊರಿನ ಹಿರಿಯರು ಕರಗಿಬಿಡುತ್ತಾರೆ. 1945ರಲ್ಲಿ ಸಾರಾ ಎಲಿಜಬೆತ್ ರೇ ಅನ್ನೋ ಕಪ್ಪು ಮಹಿಳೆ ಸಹಪಾಠಿಗಳ ಜೊತೆ ಟಿಕೆಟ್ಟು ಹಿಡಿದು ಹತ್ತಿದರು. ಬಣ್ಣ ನೋಡಿ ಇಳಿಸಿದರು. ಅವರು ಬಿಡಲಿಲ್ಲ. 1948ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟಿನಲ್ಲಿ ಹಡಗು ಕಂಪನಿ ಸೋತಿತು. ಟಿಕೆಟ್ಟು ಕಪ್ಪು, ಬಿಳಿ ಇಬ್ಬರ ಕೈಯಲ್ಲೂ ಒಂದೇ ಥರ ಇತ್ತು ಅನ್ನೋದು ನನಗೆ ಮರೆಯೋದಿಲ್ಲ.

ನಾವು ಊರಿಗೆ ವಾಪಸ್ ಬರುವ ಹಿಂದಿನ ವರ್ಷ ಆ ಹಿರಿಯರು ತೀರಿಕೊಂಡರು. ಮಕ್ಕಳು ದೂರದ ರಾಜ್ಯಗಳಲ್ಲಿ. ನೆಲಮಾಳಿಗೆ ಇಡಿಯಾಗಿ ಹರಾಜಿಗೆ ಬಂತು. ನಾನು ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಸೀಟಿ ಒಬ್ಬರಿಗೆ ಹೋಯಿತು, ಚಕ್ರ ಇನ್ನೊಬ್ಬರಿಗೆ. ತಟ್ಟೆಗಳನ್ನು ಆರಾರರ ಕಟ್ಟು ಮಾಡಿ ಕೂಗಿದರು. ನೋಡುತ್ತಾ ಇದ್ದ ಹಾಗೇ ಐವತ್ತು ವರ್ಷದ ಗಂಟು ಬಿಚ್ಚಿ ಹಂಚಿಹೋಯಿತು. ಎಲ್ಲ ಮುಗಿದ ಮೇಲೆ ಒಂದು ರಟ್ಟಿನ ಪೆಟ್ಟಿಗೆ ಉಳಿಯಿತು. ತುಕ್ಕು ಹಿಡಿದ ಕೊಂಡಿ, ಹಳೇ ಕ್ಯಾಲೆಂಡರ್, ಒಂದು ಉದ್ದನೆ ನೋಟ್‌ಬುಕ್. ಯಾರೂ ಕೂಗಲಿಲ್ಲ. ನಾನು 10 ಡಾಲರ್ ಅಂದೆ. ಸುತ್ತಿಗೆ ಬಿತ್ತು.

ಆ ನೋಟ್‌ಬುಕ್ಕಿನಲ್ಲಿ ಒಂದೊಂದು ವಸ್ತುವಿಗೂ ಒಂದೊಂದು ಸಾಲು. ಯಾವ ಹಡಗು, ಯಾವ ದಿನ, ಯಾರಿಂದ, ಎಷ್ಟು. ಮಧ್ಯಾಹ್ನ ಹಂಚಿಹೋದದ್ದರ ಚರಿತ್ರೆಯೆಲ್ಲ ಅದರಲ್ಲಿತ್ತು. ಹರಾಜು ಮನೆಯವರು ಅದನ್ನು ತೆರೆದೂ ನೋಡಿರಲಿಲ್ಲ. ಕೊಂಡವರಲ್ಲಿ ನನಗೆ ಗುರುತಿದ್ದ ನಾಲ್ಕು ಜನಕ್ಕೆ ಅವರವರ ಸಾಲು ಬರೆದು ಕಳಿಸಿದೆ. ಉಳಿದವರು ಯಾರೋ ಏನೋ.

ಈ ಸಾಸರ್ ಅವರೇ ನನಗೆ ಕೊಟ್ಟದ್ದು. ದುಡ್ಡು ತಗೊಂಡಿರಲಿಲ್ಲ. ಮೇಲೆ ಕಂಪನಿಯ ಗುರುತು ಮಾತ್ರ ಇದೆ, ಯಾವ ಹಡಗಿನದು ಅಂತ ಸಾಸರ್ ನೋಡಿ ಹೇಳೋಕೆ ಆಗೋದಿಲ್ಲ. ಪುಟ ತಿರುವುತ್ತಾ ಹೋದೆ. ಸಿಕ್ಕಿತು. ಆಗ ಅವರಿಗೆ ಹದಿನಾರು ವರ್ಷ ಇದ್ದಿರಬೇಕು, ಅಕ್ಷರ ದುಂಡಗೆ ಇದೆ. "1956. ಸಿಟಿ ಆಫ್ ಡೆಟ್ರಾಯಿಟ್ ಥ್ರೀ. ಸಾಸರ್ 1. ಕಾವಲುಗಾರನಿಗೆ 50 ಸೆಂಟ್. ಬೇಲಿ ಹಾರುವಾಗ ಅಂಚು ಒಡೆಯಿತು."

ಅದರ ಕೆಳಗೆ ಬೇರೆ ಶಾಯಿಯಲ್ಲಿ, ಮುದುಕರ ನಡುಗುವ ಅಕ್ಷರದಲ್ಲಿ ಇನ್ನೊಂದು ಸಾಲು. "ಇಂಡಿಯಾದ ಹೆಂಗಸಿಗೆ ಕೊಟ್ಟೆ. ಇದರಲ್ಲೇ ಕಾಫಿ ಆರಿಸಿಕೊಂಡು ಕುಡಿಯುತ್ತಾಳೆ."

ನಮಸ್ಕಾರ.