ಚಿಗರಿ ಬಸ್ಸು, ಒಂದು ಡಾಕ್ಯುಮೆಂಟರಿ, ಪ್ರಿಂಟ್ ಆಗದ ಪೈಲ್ವಾನ

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಬರುವ ಚಿಗರಿ ಬಸ್ಸಿನಲ್ಲಿ ಗದ್ದಲ ಜಾಸ್ತಿ ಇತ್ತು. ಅದಕ್ಕೇ ಈ ವಿಡಿಯೋಗೆ ಮಾತನ್ನು ಮನೆಯಲ್ಲಿ ಕೂತು ಸೇರಿಸುತ್ತಿದ್ದೇನೆ. ನೀವು ಕಿಟಕಿ ಕಡೆ ನೋಡುತ್ತಿರಿ, ಹೊಸೂರು ದಾಟಿದೆವು.

ನಿನ್ನೆ ರಾತ್ರಿ ನೋಡಿದ್ದು ‘ಮೇಪಲ್‌ಥಾರ್ಪ್: ಲುಕ್ ಅಟ್ ದ ಪಿಕ್ಚರ್ಸ್’, 2016ರ ಡಾಕ್ಯುಮೆಂಟರಿ. ರಾಬರ್ಟ್ ಮೇಪಲ್‌ಥಾರ್ಪ್ ನ್ಯೂಯಾರ್ಕಿನ ಫೋಟೋಗ್ರಾಫರ್, ಗೇ. ಹೂವು ತೆಗೆದ, ಕಲಾವಿದರ ಮುಖ ತೆಗೆದ, ಬೆತ್ತಲೆ ಮೈ ತೆಗೆದ, ಗೇ ಗಂಡಸರ ಲೈಂಗಿಕ ಬದುಕನ್ನೂ ಮುಚ್ಚಿಡದೆ ತೆಗೆದ. 1989ರಲ್ಲಿ ಏಡ್ಸ್‌ನಿಂದ ತೀರಿಕೊಂಡಾಗ ಅವನಿಗೆ 42 ವರ್ಷ. ಅದೇ ವರ್ಷ ಅಮೆರಿಕದ ಸೆನೆಟರ್ ಜೆಸ್ಸಿ ಹೆಲ್ಮ್ಸ್, ಇಂಥದ್ದಕ್ಕೆ ಸರ್ಕಾರದ ದುಡ್ಡು ಯಾಕೆ ಅಂತ ಗಲಾಟೆ ಎಬ್ಬಿಸಿದರು. ವಾಷಿಂಗ್ಟನ್‌ನ ಗ್ಯಾಲರಿಯೊಂದು ಹೆದರಿ ಅವನ ಫೋಟೋ ಪ್ರದರ್ಶನವನ್ನೇ ಕೈಬಿಟ್ಟಿತು.

ಇಲ್ಲಿ ಉಣಕಲ್ ಕೆರೆ. ಬೆಳಕು ನೋಡಿ, ಎಷ್ಟು ಚೆಂದ!

ಈಗ ನನ್ನ ಸಿಟ್ಟಿನ ವಿಷಯ. ಹುಬ್ಬಳ್ಳಿಯ ಒಂದು ಅಂಗಡಿಗೆ ನಾನು ತೆಗೆದ ಎರಡು ಫೋಟೋ ಪ್ರಿಂಟ್ ಹಾಕಲು ಕೊಟ್ಟಿದ್ದೆ. ಒಂದು ಚೆಂಡು ಹೂವು. ಇನ್ನೊಂದು ಗರಡಿ ಮನೆಯ ಪೈಲ್ವಾನರದ್ದು. ಲಂಗೋಟಿ, ಬೆನ್ನಿಗೆ ಮೆತ್ತಿದ ಕೆಂಪು ಮಣ್ಣು, ಪಕ್ಕದಿಂದ ಬೆಳಕು. ಅವರೇ ಕೇಳಿ ತೆಗೆಸಿಕೊಂಡಿದ್ದು. ಇವತ್ತು ಹೋದರೆ ಹೂವು ಮಾತ್ರ ರೆಡಿ. ‘ಅದನ್ನ ಹಾಕಂಗಿಲ್ರಿ, ಅಂಗಡಿಗೆ ಹೆಣ್ಮಕ್ಕಳು ಬರ್ತಾರ’ ಅಂದರು. ಜಾತ್ರೆಯ ಕುಸ್ತಿಯಲ್ಲಿ ಇದೇ ಮೈಯನ್ನು ಊರಿಗೆ ಊರೇ ನಿಂತು ನೋಡಿ ಶಿಳ್ಳೆ ಹೊಡೆಯುತ್ತದೆ, ಅಲ್ವಾ? ಅಖಾಡದಲ್ಲಿ ಇದ್ದರೆ ಪೌರುಷ, ಕಾಗದದ ಮೇಲೆ ಬಂದರೆ ಅಸಹ್ಯ! ಫೋಟೋದಲ್ಲಿ ಏನಿದೆ ಅಂತ ಸರಿಯಾಗಿ ನೋಡಲೂ ಇಲ್ಲ. ಅಡ್ವಾನ್ಸ್ ಕೊಟ್ಟ 400 ರೂಪಾಯಿಯಲ್ಲಿ 150 ವಾಪಸ್ ಬರಬೇಕು. ‘ಚಿಲ್ಲರೆ ಇಲ್ಲ, ನಾಳೆ ಬರ್ರಿ’ ಅಂದರು. ಫೋನ್‌ಪೇ ಮಾಡಿ ಅಂದರೆ ಕೇಳಿಸದವರ ಹಾಗೆ ಇದ್ದರು.

ನವನಗರ ಬಂತು, ಬೇಗ ಹೇಳಿಬಿಡುತ್ತೇನೆ. 1990ರಲ್ಲಿ ಅಮೆರಿಕದ ಸಿನ್ಸಿನಾಟಿಯಲ್ಲಿ ಮೇಪಲ್‌ಥಾರ್ಪ್‌ನ ಅದೇ ಪ್ರದರ್ಶನಕ್ಕೆ ಅಶ್ಲೀಲ ಅಂತ ಕೇಸೇ ಬಿತ್ತು. 175 ಫೋಟೋಗಳಲ್ಲಿ ಏಳಕ್ಕೆ ತಕರಾರು. ಮ್ಯೂಸಿಯಂ ನಿರ್ದೇಶಕ ಡೆನ್ನಿಸ್ ಬ್ಯಾರಿ ಕಟಕಟೆಯಲ್ಲಿ ನಿಂತರು. ಜ್ಯೂರಿ ಆ ಏಳನ್ನೂ ಎದುರಿಗಿಟ್ಟುಕೊಂಡು ವಾದ ಕೇಳಿ, ಅವರನ್ನು ಬಿಡುಗಡೆ ಮಾಡಿತು.

ಹಾಗಂತ ಮೇಪಲ್‌ಥಾರ್ಪ್‌ನ ಎಲ್ಲಾ ಫೋಟೋ ನನಗೆ ಹಿಡಿಸಿತು ಅಂತಲ್ಲ. ಕೆಲವನ್ನು ನೋಡಲು ಕಷ್ಟ, ನೋಡದಿದ್ದರೂ ನಡೆಯುತ್ತೆ. ಹೂವುಗಳು ಮೊದಲಿಗೆ ಕ್ಯಾಲೆಂಡರ್ ಹಾಗೆ ಕಂಡವು. ಆಮೇಲೆ ಒಂದು ಲಿಲ್ಲಿಯನ್ನೂ ಒಂದು ಬೆನ್ನನ್ನೂ ಒಟ್ಟಿಗೆ ಇಟ್ಟು ನೋಡಿದೆ. ಎರಡಕ್ಕೂ ಅದೇ ಚೌಕ, ಅಷ್ಟೇ ಶ್ರದ್ಧೆಯ ಬೆಳಕು. ಹೂವಿಗೆ ಒಂದು ಮರ್ಯಾದೆ, ಮೈಗೆ ಇನ್ನೊಂದು ಅಂತ ಅವನು ಮಾಡಲೇ ಇಲ್ಲ. ನನಗೆ ಅವನು ದೊಡ್ಡವನಾಗಿ ಕಂಡಿದ್ದು ಅಲ್ಲೇ.

ಆದರೆ 1980ರ ‘ಮ್ಯಾನ್ ಇನ್ ಪಾಲಿಯೆಸ್ಟರ್ ಸೂಟ್’ ನನಗೆ ಒಪ್ಪಿಗೆಯಾಗಲಿಲ್ಲ. ಸೂಟು ತೊಟ್ಟ ಕಪ್ಪು ಗಂಡಸು. ಪ್ಯಾಂಟಿನಿಂದ ಗುಪ್ತಾಂಗ ಹೊರಗಿದೆ, ತಲೆ ಮಾತ್ರ ಫ್ರೇಮಿನಲ್ಲೇ ಇಲ್ಲ. ಬೆತ್ತಲೆಗೆ ನನ್ನ ತಕರಾರಿಲ್ಲ. ಆ ಮನುಷ್ಯನ ಮುಖ ಎಲ್ಲಿ? ಅದನ್ನು ಕೇಳಲೇಬೇಕು.

ಜುಬಿಲಿ ಸರ್ಕಲ್, ಇಳಿಯಬೇಕು. ಪೈಲ್ವಾನರ ಫೋಟೋವನ್ನು ಧಾರವಾಡದಲ್ಲೇ ಪ್ರಿಂಟ್ ಹಾಕಿಸುತ್ತೇನೆ, ಮ್ಯಾಟ್ ಪೇಪರಿನಲ್ಲಿ, ದೊಡ್ಡದಾಗಿ. ಒಳ್ಳೆ ಲ್ಯಾಬ್ ಗೊತ್ತಿದ್ದರೆ ಕಾಮೆಂಟಿನಲ್ಲಿ ಹಾಕಿ.